ಸುಮ್ಮ ಮನ್ಯಾಗ

ನೋಟಿಸ್ ಬೋರ್ಡಿನ ಗಾಜಿಗೆ ಬೀಗ,
ಕೀಲಿಕೈ ಸಿಪಾಯಿ ಬಸಲಿಂಗಪ್ಪನ ಕಿಸೆಯಲ್ಲಿ,
ಬಸಲಿಂಗಪ್ಪ ಊಟಕ್ಕೆ.
ಗಾಜಿನಾಚೆಯಿಂದಲೇ ಓದಿಕೊಂಡೆವು, ನಾನು, ಜುಲೇಖಾ ಬಾಗವಾನ:
ಕ್ಷೇತ್ರ ಸಹಾಯಕರು ಬೇಕು, ಆರು ತಿಂಗಳ ಮಟ್ಟಿಗೆ,
ಅರ್ಥಶಾಸ್ತ್ರ ಎಂ.ಎ. ಓದುವವರಿಗೆ ಆದ್ಯತೆ,
ತಿಂಗಳಿಗೆ ಒಂಬತ್ತು ಸಾವಿರ, ಬಸ್ ಚಾರ್ಜು ಬೇರೆ.
‘ಬೇರೆ’ ಎಂಬಲ್ಲಿ ಜುಲೇಖಾ ಬೆರಳಿಟ್ಟಳು.
ಗುರುತು ಇನ್ನೂ ಇದೆ, ಯಾರೂ ಒರೆಸಿಲ್ಲ.

ತರಬೇತಿ ಎರಡು ದಿನ. ಕೊಣ್ಣೂರ ಸರ್ ಹೇಳಿದ್ದು ಒಂದೇ ಮಾತು:
‘ಸುಳುವು ಕೊಡಬ್ಯಾಡ್ರಿ.
ಅವರು ಅಂದದ್ದನ್ನ ಬರೀರಿ.’

ವಿಜಯಪುರ ಬಿಟ್ಟಾಗ ಇನ್ನೂ ಕತ್ತಲು.
ಕೊಲ್ಹಾರದ ಸೇತುವೆ ಮೇಲೆ ಬೆಳಕಾಯಿತು,
ಎರಡೂ ಬದಿ ಹಿನ್ನೀರು, ನಡುವೆ ನಾವು.
ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ: ಸೊನ್ನೆ ರೂಪಾಯಿ.
‘ಪುಕ್ಕಟ ಅಂದಮ್ಯಾಲೆ ಚೀಟಿ ಯಾಕ್ರಿ?’
‘ಚೀಟಿ ಇಲ್ಲಂದ್ರ ನೀವು ಹತ್ತಿದ್ದು
ಲೆಕ್ಕಕ್ಕ ಬರೂದಿಲ್ಲ ತಂಗೀ.’

ಗುಳೇದಗುಡ್ಡದ ಓಣಿಯಲ್ಲಿ ಮಗ್ಗದ ಸಪ್ಪಳ
ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತದೆ.
ಕುಣಿಯಲ್ಲಿ ಕಾಲಿಳಿಬಿಟ್ಟು ಗಂಡ ಖಣ ನೇಯುತ್ತಿದ್ದ.
ಅವನ ಉತ್ತರಗಳು ಹಾಸಿನ ಎಳೆಯ ಹಾಗೆ ನೆಟ್ಟಗೆ:
ವಾರಕ್ಕೆ ಇಷ್ಟು, ಮಜೂರಿ ಇಷ್ಟು,
ಸಾಹುಕಾರನ ಹೆಸರು ಮಾತ್ರ ಬೇಡ.
ನೇಕಾರ. ಕೋಡ್ ಒಂದು.

ಗ್ವಾಡಿಗೆ ಬೆನ್ನು ಕೊಟ್ಟು, ರಾಟಿ ಮುಂದೆ ನೀಲಗಂಗವ್ವ.
ನಿಮ್ಮ ಉದ್ಯೋಗ?
‘ನಂದೇನ ಬಿಡವಾ. ಸುಮ್ಮ ಮನ್ಯಾಗ ಇರತೀನಿ.’
ಅನ್ನುತ್ತಿರುವಾಗ ಬಲಗೈ ರಾಟಿ ತಿರುಗಿಸುತ್ತಿತ್ತು,
ಎಡಗೈ ನೂಲು ಬಿಡುತ್ತಿತ್ತು,
ಕಂಡಿಕೆಯೊಂದು ತುಂಬಿ ಬುಟ್ಟಿಗೆ ಬಿತ್ತು,
ಕುಣಿಯಿಂದ ಒಂದು ಕೈ ಚಾಚಿ, ನೋಡದೆಯೇ, ಎತ್ತಿಕೊಂಡಿತು.

ಸುಳುವು ಕೊಡಬ್ಯಾಡ್ರಿ.

ಒತ್ತಿದೆ: ಕೋಡ್ ಒಂಬತ್ತು, ದುಡಿಮೆ ಇಲ್ಲ.
ಟ್ಯಾಬ್ ಹಸಿರಾಯಿತು.
ಮುಂದಿನ ಏಳು ಪ್ರಶ್ನೆ ತಾವೇ ಹಾರಿಹೋದವು:
ದಿನಕ್ಕೆ ಎಷ್ಟು ತಾಸು, ಎಂದಿನಿಂದ,
ಕೂಲಿ ಯಾರ ಕೈಗೆ,
ಬೆನ್ನು ನೋಯುತ್ತದೆಯೇ.

‘ಇದಕ್ಕ ಪಗಾರ ಕೊಡತಾರೇನ ನಿಮಗ?’
‘ಹೂಂರಿ.’
‘ಕೇಳೂದಕ್ಕ?’
‘ಕೇಳೂದಕ್ಕ.’
ರಾಟಿ ನಿಂತಿತು.
‘ಮತ್ತ ಹೇಳೂದಕ್ಕ?’
ಜುಲೇಖಾ ಚಹಾದ ಕಪ್ಪಿನೊಳಗೆ ನೋಡಿದಳು.
ಚಹಾ ಕೂಡ ಆಕೆಯೇ ಮಾಡಿದ್ದು.

ಮುನ್ನೂರ ಹನ್ನೆರಡು ಮನೆ. ಕೋಷ್ಟಕ ಸ್ವಚ್ಛ,
ಒಂದು ಕಲೆ ಇಲ್ಲ.
ಸೆಮಿನಾರ್ ಹಾಲಿನಲ್ಲಿ ಕೈ ಎತ್ತಿದೆ, ಹೇಳಿದೆ,
ನಾಲಿಗೆ ತಡವರಿಸಿತು, ಆದರೂ ಹೇಳಿದೆ.
ಸರ್ ಕನ್ನಡಕ ತೆಗೆದರು.
‘ಕಾಲಂ ನಮ್ಮವಲ್ಲ ಮಹಾನಂದಾ, ಮ್ಯಾಲಿಂದ ಬಂದಾವ.
ಅಡಿಟಿಪ್ಪಣಿ ಹಾಕಬಹುದು.’
ಸ್ವಲ್ಪ ಹೊತ್ತು ಬಿಟ್ಟು:
‘ದಿನಕ್ಕ ಎಷ್ಟು ಕಂಡಿಕಿ ಸುತ್ತತಾಳ?’

ಗೊತ್ತಿರಲಿಲ್ಲ.
ಸೊನ್ನೆಗೂ ಒಂದು ಚೀಟಿ ಬೇಕು;
ಆಕೆಯ ಸೊನ್ನೆಗೆ ನಾನು ಚೀಟಿ ಹರಿದಿರಲಿಲ್ಲ.

ಭಾನುವಾರ ಹೋದೆ, ಒಬ್ಬಳೇ. ಭತ್ಯೆಯಿಲ್ಲದ ದಿನ.
ಟ್ಯಾಬ್ ತೆಗೆಯಲಿಲ್ಲ. ಬುಟ್ಟಿಯ ಮಗ್ಗುಲಲ್ಲಿ ಕೂತು
ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಹಾಕುತ್ತ ಹೋದೆ,
ನಾಲ್ಕು ಗೀಟು, ಮೇಲೊಂದು ಅಡ್ಡ,
ನಾಲ್ಕು ಗೀಟು, ಮೇಲೊಂದು ಅಡ್ಡ.
ಮಧ್ಯಾಹ್ನಕ್ಕೆ ಐವತ್ತಮೂರು.
ನಡುವೆ ಎರಡು ಸಲ ಎದ್ದಳು: ಒಮ್ಮೆ ಹಾಲಿಗೆ,
ಒಮ್ಮೆ ಸೊಂಟ ನೀವಿಕೊಳ್ಳಲು.

‘ಏನ ಮಾಡಾಕತ್ತಿ ತಂಗೀ, ಮುಂಜಾನಿಂದ?’

‘ಏನಿಲ್ಲಬೇ’ ಅಂದೆ,
‘ಸುಮ್ಮ ಕೂತೀನಿ.’