ಚೀಟಿ ನಂಬರು ನಾನೂರ ಹದಿನೇಳು

ಮನಾಮಾ, ಹೂರಾದ ಹಿಂದಿನ ಗಲ್ಲಿ. ಲಾಂಡ್ರಿ ಮುಚ್ಚುವ ವಾರ.
ಇಸ್ತ್ರಿಮೇಜು ಸರಿಸಿದೆವು ನಾನೂ, ಪಯ್ಯೋಳಿಯ ಬಾವಕಾನೂ.
ಅಡಿಯಲ್ಲಿ ಗುಂಡಿಗಳು, ನೂರು ಫಿಲ್ಸಿನ ಒಂದು ನಾಣ್ಯ,
ಮತ್ತೆ ಅದು:
ಮುಚ್ಚಳ ಸೀಳಿದ ಕ್ಯಾಸೆಟ್ಟು,
ಗಂಜಿಪುಡಿ ಮೆತ್ತಿ
ಹಿಟ್ಟಲ್ಲಿ ಹೊರಳಿಸಿಟ್ಟ ಬಂಗುಡೆಯ ಹಾಗೆ.

ತೊಂಬತ್ತೈದು. ಜುಫೈರಿನ ಹಡಗುಕಟ್ಟೆಯಿಂದ
ಮೂಟೆಗಟ್ಟಲೆ ಬಿಳಿ ಬಟ್ಟೆ ಬರುತ್ತಿದ್ದ ಕಾಲ.
ನಾನು ಕಿಸೆ ತಡಕುವವನು. ಅದೇ ನನ್ನ ಹುದ್ದೆ:
ನೀರಿಗೆ ಬೀಳುವ ಮೊದಲು
ಪರದೇಶಿಗಳ ಕಿಸೆಯಲ್ಲಿ ಕೈಯಿಡುವುದು.
ಪೆನ್ನು, ಚೂಯಿಂಗ್ ಗಮ್ಮು, ಹೆಂಗಸಿನ ಪಟ, ಅರ್ಧ ಬರೆದ ಕಾಗದ.
ಎಲ್ಲವನ್ನೂ ಲಕೋಟೆಗೆ ಹಾಕಿ ಚೀಟಿಯ ನಂಬರು ಗೀಚಿ
ಗಲ್ಲಾದ ಬದಿಗಿಡಬೇಕು. ಇಟ್ಟೆ.
ಕಾಲರಿನ ಒಳಗೆ ಮಸಿಯಲ್ಲಿ ಹೆಸರು: ಪ್ರೂಯಿಟ್.
ಅಂಗಿ ಒಯ್ಯಲು ಬಂದವನು ಬೇರೆ ಯಾರೋ.
ಅಂಗಿ ಒಯ್ದ, ಲಕೋಟೆಯ ಕಡೆ ನೋಡಲಿಲ್ಲ.
ಹಡಗು ಆ ರಾತ್ರಿಯೇ ಹೊರಟಿತಂತೆ.

ಒಂದು ತಿಂಗಳು ಕಾದೆ. ಅಂಗಡಿಯ ಕಾಯ್ದೆ ಅದು.
ಆಮೇಲೆ ಬಾವಕಾನ ಟೇಪಿಗೆ ಹಾಕಿ ಗುಂಡಿ ಒತ್ತಿದರೆ,
ಗಿಟಾರೋ ಅದು? ಹ್ಯಾಂಗರು ತುಂಬಿದ ಕಂಬಿಯನ್ನು
ಈ ತುದಿಯಿಂದ ಆ ತುದಿಗೆ ಯಾರೋ ಒಮ್ಮೆಲೇ ಎಳೆದ ಹಾಗೆ!
ಮೂರು ಕೊರಳು ಸೇರಿ ಪಲ್ಲವಿಗೆ ಏರುವಾಗ
ಇಸ್ತ್ರಿಪೆಟ್ಟಿಗೆ ನನ್ನ ಕೈಯನ್ನೇ ಎಳಕೊಂಡು ಓಡುತ್ತಿತ್ತು.
ಮೂರು ನಿಮಿಷಕ್ಕೊಂದು ಹಾಡು, ಮೂರು ನಿಮಿಷಕ್ಕೊಂದು ಅಂಗಿ.
ಮಗ್ಗುಲು ಮುಗಿದರೆ ಆರು ಅಂಗಿ, ಒಂದು ಚಾ.

ಇಂಗ್ಲಿಷು ಬರದು ಆಗ. ಕೋಟೇಶ್ವರದ ಕಿವಿಗೆ ಕೇಳಿಸಿದ್ದು:
ಹೋದನೆಲ್ಲೀ, ಹೋದನೆಲ್ಲೀ.
ನಮ್ಮ ಕಡೆ ಹಾಗೆ ಹೇಳುವುದಿಲ್ಲ, ಎಲ್ಲಿಗ್ ಹ್ವಾದ ಅನ್ನುತ್ತೇವೆ.
ಇದು ಪುಸ್ತಕದ ಕನ್ನಡ. ಆದರೂ ಕನ್ನಡ.
ಪ್ರೂಯಿಟನನ್ನೇ ಕೇಳುತ್ತಿದ್ದಾರೆ ಅಂದುಕೊಂಡೆ.
ಕೆಲವು ರಾತ್ರಿ, ನಮ್ಮಣ್ಣ ಶೀನನನ್ನು:
ಮಲ್ಪೆಯಲ್ಲಿ ಬೋಟು ಹತ್ತಿ, ವೈರ್‌ಲೆಸ್ಸಿನಲ್ಲಿ
ಎಂಜಿನ್ನು ಸರಿಯುಂಟು ಎಂದಷ್ಟೇ ಹೇಳಿದವನು.
ಅಮ್ಮನೂ ಕೇಳುತ್ತಿದ್ದಳು ಅದನ್ನೇ, ದಿನಾ, ಬಾವಿಯ ಹತ್ತಿರ.
ಅವಳ ಪ್ರಶ್ನೆಗೆ ಡ್ರಮ್ಮು ಇರಲಿಲ್ಲ.

ಡ್ರೈಕ್ಲೀನಿನ ಯಂತ್ರ ಬಂತು, ಮೇಜು ಗೋಡೆಗೆ ಹೋಯಿತು,
ಕ್ಯಾಸೆಟ್ಟು ಯಾವಾಗ ಜಾರಿತೋ. ಹುಡುಕಲಿಲ್ಲ.
ಹುಡುಕಬೇಕೆಂದು ಹೊಳೆಯಲೂ ಇಲ್ಲ.

ಈಗ ಕ್ಯಾಸೆಟ್ಟಿಗೆ ಬಾಯಿ ತೆರೆಯುವುದು
ಒಂದೇ ಒಂದು: ರೊಡೆಲ್ ಓಡಿಸುವ ಡೆಲಿವರಿ ಪಿಕಪ್ಪು.
ಪೆನ್ಸಿಲು ತೂರಿಸಿ ರೀಲು ಬಿಗಿದೆವು.
ಮೂವರೂ ಮುಂದಿನ ಸೀಟಿನಲ್ಲಿ, ಮೊಣಕಾಲಿಗೆ ಮೊಣಕಾಲು.
ಹೊರಗೆ ನಲವತ್ತಾರು ಡಿಗ್ರಿ.
ಬಿಸಿಗೆ ಹಿಗ್ಗಿದ ಕೊರಳು ಮೊದಲು ಎಮ್ಮೆಯಂತೆ ನರಳಿ
ಆಮೇಲೆ, ಅಗೋ, ಕಂಬಿಯ ತುಂಬ ಹ್ಯಾಂಗರು!

ಮೂವತ್ತು ವರ್ಷ ಗಿರಾಕಿಗಳು ಕಲಿಸಿದ ಇಂಗ್ಲಿಷು
ಸುಮ್ಮನಿರಬೇಕಲ್ಲ. ಕೇಳಿಸಿಯೇಬಿಟ್ಟಿತು:
ಹೋಲ್ಡ್ ಆನ್, ಎಲ್ಲೀ.
ಎಲ್ಲೀ ಅಂದರೆ ಒಬ್ಬ ಹುಡುಗಿ.
ಯಾರೂ ಏನೂ ಕೇಳುತ್ತಿರಲಿಲ್ಲ ಅಲ್ಲಿ.
ತಡಿ, ಅನ್ನುತ್ತಿದ್ದರು. ಬಿಡಬೇಡ, ಹಿಡಕೋ.
ಅಮ್ಮನಿಗೆ ಹೇಳಬಹುದಿತ್ತು.

ರೊಡೆಲ್ ಫೋನು ತಡಕಿ ಸಿಕ್ಕಿದ್ದನ್ನು ಓದಿದ:
ಒಂದೇ ಆಲ್ಬಂ. ಕಂಪನಿ ಮುಳುಗಿತು. ಮಾರಾಟವಾಗದ್ದು ಗುಜರಿಗೆ.
ಡ್ರಮ್ಮಿನವನು ಈಗ ಹಲ್ಲಿನ ಡಾಕ್ಟರು.
ಬಾವಕಾ ನಕ್ಕ, ತನ್ನ ಕಟ್ಟುಹಲ್ಲು ಕಾಣುವಂತೆ.

ಮತ್ತೊಮ್ಮೆ ಹಾಕಿದೆವು. ಸರಿ ಗೊತ್ತಿದ್ದೂ
ಕೇಳಿಸಿದ್ದು ಹೋದನೆಲ್ಲೀ.

ಗುಂಡಿ ಒತ್ತಿದರೆ ಕ್ಯಾಸೆಟ್ಟು ಹೊರಬರಲಿಲ್ಲ.
ಸ್ಕ್ರೂಡ್ರೈವರು, ಬಟ್ಟೆಯ ಚಿಮುಟ, ಬಾವಕಾನ ಬಿಸ್ಮಿಲ್ಲಾ,
ಊಹೂಂ.
ಶುಕ್ರವಾರ ಪಿಕಪ್ಪು ಕೊಳ್ಳುವವನು ಸಿತ್ರಾದ ಕಲ್ಲಂಗಡಿ ವ್ಯಾಪಾರಿ.
ಕೀಲಿ ತಿರುಗಿಸುತ್ತಾನೆ, ಮೂರು ಕೊರಳು ಒಟ್ಟಿಗೆ ಏರುತ್ತವೆ.
ಅರಬಿ ಕಿವಿಗೆ ಏನು ಕೇಳಿಸುವುದೋ.