ನೇರಳೆ ಪೆನ್ನು

ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಮೇಷ್ಟ್ರುಗಳ ಸಾಲು.
ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನು;
ಜೇಬಿನದು ನಡೆಯುವುದಿಲ್ಲ.
ಅಂಕಿ ಮಾತ್ರ ಬರೀರಿ, ಟಿಕ್ ಬೇಡ, ಸಹಿ ಬೇಡ
ಎಂದು ಎರಡು ಸಲ ಹೇಳಿದರು,
ನಾವು ಒಂದನೇ ಕ್ಲಾಸಿಗೆ ಹೇಳುವ ಹಾಗೆ.

ನಿನ್ನೆ ಶಾಲೆಯ ಅಡುಗೆ ಕೋಣೆಯ ಕಟ್ಟೆ ಮೇಲೆ
ಬೇಳೆಯಲ್ಲಿ ಕಲ್ಲು ಆರಿಸುತ್ತ ಪಿಳ್ಳಮ್ಮ ಕೇಳಿದಳು:
'ಓಟು ಒಬ್ರಿಗೇ ಅಲ್ವಾ ಮೇಷ್ಟ್ರೇ?
ಒಂದು ಎರಡು ಮೂರು ಅಂದ್ರೆ
ಅದೇನು ಮದುವೆ ಊಟದ ಪಂಕ್ತಿನಾ?'

ನಾನು ಗಣಿತದವನು, ಸುಮ್ಮನಿರಲಾಗಲಿಲ್ಲ.
ಮೊರದಲ್ಲೇ ಮೂರು ಗುಡ್ಡೆ ಮಾಡಿದೆ.
ಅರ್ಧಕ್ಕಿಂತ ಹೆಚ್ಚು ಯಾರಿಗೂ ಇಲ್ಲ ಅನ್ನು,
ಚಿಕ್ಕ ಗುಡ್ಡೆಯವನು ಎದ್ದು ಹೋಗುತ್ತಾನೆ.
ಅವನ ಬೇಳೆ ಚೆಲ್ಲುವುದಿಲ್ಲ. ಒಂದೊಂದನ್ನೂ ಕೇಳುತ್ತಾರೆ:
ಅವನಿಲ್ಲದಿದ್ದರೆ, ಯಾರು?

ಅವಳು ಮೊರ ನೋಡುತ್ತಲೇ ಇದ್ದಳು.
'ನಮ್ಮನ್ನ ಯಾರೂ ಹಂಗೆ ಕೇಳ್ಳಿಲ್ಲ.
ಹೋದ ಸಲ ನಗರಸಭೆಗೆ ನಮ್ಮ ಗಂಗರತ್ನಮ್ಮ ನಿಂತಿದ್ಲು.
ಬೋರಿನ ಮೋಟ್ರು ಸುಟ್ಟಾಗ
ರಾತ್ರಿಯೆಲ್ಲ ಬ್ಯಾಟ್ರಿ ಹಿಡ್ಕೊಂಡು ನಿಂತೋಳು.
ಗೆಲ್ಲಾಕಿಲ್ಲ, ಓಟು ದಂಡ ಅಂದ್ರು ಎಲ್ರೂ.
ಅವನು ಬರಬಾರದು ಅಂತ ಇವನಿಗೆ ಒತ್ತಿದೆ.
ಇವನು ಗೆದ್ದ. ನನ್ನ ಗುರುತೂ ಹಿಡಿಯಾಕಿಲ್ಲ.
ಅವಳಿಗೆ ಹದಿನೇಳು ಬಂತು.
ಈಗ್ಲೂ ಅವಳ ಮನೆ ಮುಂದೆ ಸೆರಗು ಎಳ್ಕೊಂಡು ಹೋಯ್ತೀನಿ.'

ರಟ್ಟಿನ ಮರೆಯೊಳಗೆ ಅವಳ ಮಾತೇ ಕಿವಿಯಲ್ಲಿ.
ಗುಡಿಬಂಡೆಯ ಡ್ರಾಯಿಂಗ್ ಮೇಷ್ಟ್ರು,
ಕವರಿಲ್ಲ, ಕಾರಿಲ್ಲ, ಬಸ್ಸಲ್ಲಿ ಬಂದು
ಒಂದು ಲೋಟ ನೀರು ಕುಡಿದು ಹೋದವರು:
ಅವರಿಗೆ ಒಂದು. ಅಂಜದೆ ಬರೆದೆ.
ಎರಡಕ್ಕೆ ಯೋಚಿಸಿದೆ, ಮೂರಕ್ಕೆ ನಿಟ್ಟುಸಿರು.
ಮಡಚುವ ಮೊದಲು, ಇಪ್ಪತ್ತೆಂಟು ವರ್ಷ
ಕೆಂಪು ಟಿಕ್ ಹಾಕಿದ ಮಣಿಕಟ್ಟು
ತಾನಾಗಿ ವಾಲಿತು. ಎಡಗೈಯಿಂದ ಹಿಡಿದೆ.

ಹಿಡಿಯದವರೂ ಇದ್ದರು.
ತಿರಸ್ಕೃತ ಮತಗಳ ಕಟ್ಟು ದಪ್ಪಗಿತ್ತಂತೆ.
'ಅಯ್ಯೋ, ಮೇಷ್ಟ್ರುಗಳೇ ಫೇಲಾ!'
ಪಿಳ್ಳಮ್ಮ ಸೌಟು ಹಿಡಿದೇ ನಕ್ಕಳು.

ಡ್ರಾಯಿಂಗ್ ಮೇಷ್ಟ್ರು ನಡುವೆಯೇ ಎದ್ದು ಹೋದರು, ಹೇಳಿದೆ.
ನನ್ನ ಓಟು ಸಾಯಲಿಲ್ಲ, ಎರಡರವನಿಗೆ ನಡೆಯಿತು,
ಅವನೇ ಗೆದ್ದ, ನೋಡು, ಲೆಕ್ಕ ಹೀಗೆ.

ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ,
ಇನ್ನೊಂದು ಚಿಟಿಕೆ ಹಾಕಿ, ಕೇಳಿದಳು:
'ಆ ಎರಡರವನು
ನಿಮ್ಮ ಗುರುತು ಹಿಡಿತಾನಾ ಮೇಷ್ಟ್ರೇ?'