ಅಂಚಿನ ಕಾಗದ

ಸೂಜಿ ಅಲ್ಲೇ ಇತ್ತು,
ಅರ್ಧ ಒಳಗೆ, ಅರ್ಧ ಹೊರಗೆ,
ಎಂಬತ್ತಾರರ ಫೆಬ್ರವರಿಯಲ್ಲಿ ಬಿಟ್ಟು ಎದ್ದ ಹೊಲಿಗೆಯಲ್ಲಿ.
ಸುತ್ತ ಕಾಸಗಲ ತುಕ್ಕು.
ಎಳೆದರೆ ಬರಲಿಲ್ಲ,
ಇಕ್ಕಳ ಹುಡುಕಬೇಕಾಯಿತು.

ಕುಮ್ ಗ್ಲಾಸಿನ ಈ ಚಳಿಗೆ
ಗ್ಯಾಸು ಮೀಟರಿಗೆ ದುಡ್ಡು ಸುರಿದು ಸಾಕಾಗಿ
ಅಟ್ಟ ಹತ್ತಿದ್ದೆ, ಕಂಬಳಿಗೆಂದು.
ಸಿಕ್ಕಿದ್ದು ಈ ಅರೆಬರೆ ಕೌದಿ:
ಜೇನುಹುಟ್ಟಿನ ಕಣ್ಣಿನಂಥ ಆರು ಮೂಲೆಯ ತುಂಡು
ಎಣಿಸಿದರೆ ಇನ್ನೂರ ಹದಿನಾಲ್ಕು;
ಮೊಣಕಾಲು ಮುಚ್ಚೀತು, ಪಾದ ಮುಚ್ಚದು.

ಅಮ್ಮನ ಚಾಪೆಲ್ ಫ್ರಾಕಿನ ನೀಲಿ.
ಗಣಿ ಆಸ್ಪತ್ರೆ ಮುಚ್ಚಿದಾಗ ಹರಾಜಿಗೆ ಬಂದ ಪರದೆಯ ಹಸಿರು.
ನೆಸ್ಟಾಳ ಮದುವೆಗೆಂದು ಹೊಲಿಸಿಕೊಂಡು
ಹೋಗದೆ ಉಳಿದ ಕೆಂಪು.
ಮೇಲ್ಮೈ ಇಷ್ಟೇ.
ಮಗುಚಿದೆ.

ಒಳಮೈಯಲ್ಲಿ ಇಥೆಲ್ ಇನ್ನೂ ಬರೆಯುತ್ತಲೇ ಇದ್ದ.

ಬಟ್ಟೆಗೆ ಮೂಲೆ ನಿಲ್ಲಬೇಕಾದರೆ
ಒಳಗೊಂದು ಕಾಗದದ ಅಚ್ಚು ಬೇಕು.
ಅದರ ಮೇಲೆ ಬಟ್ಟೆ ಮಡಿಸಿ, ಕಚ್ಚಾ ಹೊಲಿಗೆ ಹಾಕಿ,
ಆಮೇಲೆ ತುಂಡಿಗೆ ತುಂಡು.
ಆರನೆಯ ವರ್ಷ ಅವನ ಹಡಗು ಬಂತು, ಅವನು ಬರಲಿಲ್ಲ.
ಕಾಗದಗಳನ್ನು ನಾನು ಸುಡಲಿಲ್ಲ.
ಸುಡುವುದು ಸಿನಿಮಾದವರು;
ನಮ್ಮ ಮನೆಯಲ್ಲಿ ಬರೆದ ಕಾಗದಕ್ಕೂ ಬೆಲೆ ಇತ್ತು.
ಏರ್‌ಮೇಲು ಬಲು ತೆಳು,
ಎರಡೆರಡು ಪದರ ಕತ್ತರಿಸಬೇಕಾಯಿತು.

ಈಗ ಕನ್ನಡಕ ಏರಿಸಿ ಓದಿದರೆ
ಒಂದರಲ್ಲಿ 'ವಾಲ್ಪರೈಸೊದಲ್ಲಿ ಮೀ',
ಒಂದರಲ್ಲಿ 'ನಿನ್ನ ಹಲ್ಲುನೋವು ಈಗ',
ಇನ್ನೊಂದರಲ್ಲಿ ಬರೀ 'ಸಂಬಳ'.
'ಈಸ್ಟರಿಗೆ ಬರ' ಎಂಬಲ್ಲಿ
ಕತ್ತರಿ ತಿರುಗಿಬಿಟ್ಟಿದೆ.
ಬರುವೆನೋ, ಬರಲಾರೆನೋ,
ಅದರ ಬಾಲ ಇಲ್ಲೇ ಎಲ್ಲೋ ಇದೆ, ಉಳಿದ ಇನ್ನೂರ ಹದಿಮೂರರಲ್ಲಿ.
ಹುಡುಕಲಿಲ್ಲ.
ಆ ಈಸ್ಟರು ಬಂದುಹೋಗಿದೆ.

ಅಜ್ಜ ಈ ಗುಡ್ಡದಲ್ಲಿ ಸೀಳಿದ ಸ್ಲೇಟಿನ ಮೇಲೆ
ಯಾವ್ಯಾವ ಸೀಮೆಯ ಮಕ್ಕಳು
ಅಕ್ಷರ ತಿದ್ದಿ, ಎಂಜಲು ಹಚ್ಚಿ ಒರೆಸಿದರೋ.
ಇಥೆಲ್‌ನ ಶಾಯಿ ನೋಡಿದರೆ
ತೇವಕ್ಕೆ ಹಬ್ಬಿತೇ ವಿನಾ ಹೋಗಲಿಲ್ಲ.

ಪಕ್ಕದ ಮನೆಯ ಇಯೊಲೊ
ಶಾಲೆಯಿಂದ ನೇರ ಇಲ್ಲಿಗೆ ಬರುತ್ತಾನೆ.
ಇಪ್ಪತ್ತು ಸೂಜಿಗೆ ದಾರ ಪೋಣಿಸಿದರೆ ಒಂದು ಪೌಂಡು.
ಪೋಣಿಸಿದ್ದನ್ನೆಲ್ಲ ಪರದೆಗೆ ಚುಚ್ಚಿಡುತ್ತಾನೆ,
ರಾತ್ರಿ ನಾನು ಒಂದೊಂದೇ ಕಿತ್ತುಕೊಳ್ಳಲಿ ಅಂತ.
'ಯಾರ ಬರಹ?' ಅಂದ.
'ಅಚ್ಚು,' ಅಂದೆ, 'ಆಕಾರಕ್ಕೆ.
ಹೊಲಿದು ಮುಗಿದ ಮೇಲೆ ತೆಗೆಯುವುದು.'
'ಮತ್ತೆ ಯಾಕೆ ತೆಗೆದಿಲ್ಲ?'

ಆರೂ ಕಡೆ ಹೊಲಿಗೆ ಬಿದ್ದ ತುಂಡಿನಿಂದ
ಕಾಗದ ಯಾವತ್ತೋ ಕಳಚಬಹುದಿತ್ತು.
ಅಂಚಿನವು ಮಾತ್ರ ಇರಬೇಕು, ಪಕ್ಕದ್ದು ಬರುವ ತನಕ.
ಹಾಗೆಂದು ಅವನಿಗೆ ಹೇಳಿದೆ.
ಹೇಳದ್ದು ಇದು:
ಮೂವತ್ತೈದು ವರ್ಷ ಊರಿಗೆಲ್ಲ ಮಂಡಿನೋವೆಂದೆ, ಕಣ್ಣೆಂದೆ,
ಗಿರಣಿ ಅಂಗಡಿ ಮುಚ್ಚಿತೆಂದೆ.
ಕೌದಿ ನಿಂತದ್ದು
ಕಾಗದ ಮುಗಿದದ್ದಕ್ಕೆ.
ಮನೆಯಲ್ಲಿ ಹಳೆ ಪೇಪರು ರಾಶಿ ಇತ್ತು. ಕತ್ತರಿ ಇತ್ತು.
ಬೇರೆಯವರ ಅಕ್ಷರದ ಮೇಲೆ
ಬಟ್ಟೆ ಮಡಿಸಲು ಕೈ ಬರಲಿಲ್ಲ.

ಕಚ್ಚಾ ದಾರ ಬಿಚ್ಚಿ ಒಳಗಿನವು ಒಂದೊಂದೇ ತೆಗೆದೆ.
ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಬಿದ್ದವು.
ಇಯೊಲೊ ಜೋಡಿಸಲು ನೋಡಿದ,
ಹಲ್ಲುನೋವಿನ ಪಕ್ಕ ಸಂಬಳ ಇಟ್ಟ, ತೆಗೆದ.
'ತುಂಡು ಕಳೆದಿವೆ,' ಅಂದ.
'ಅಂಚಿನಲ್ಲಿವೆ.'
'ಅವೂ ಬರಬೇಕಾದರೆ?'
'ಇನ್ನೊಂದು ಸುತ್ತು ಹೊಲಿಯಬೇಕು. ಅದಕ್ಕೆ ಕಾಗದ ಬೇಕು.'

ಚೀಲಕ್ಕೆ ಕೈ ಹಾಕಿ
ಗಣಿತದ ಹಾಳೆ ಕೊಟ್ಟ; ಅಪ್ಪ ನೋಡಬಾರದ್ದು.
ದಪ್ಪ ಕಾಗದ, ಒಂದೇ ಪದರ ಸಾಕು.
ಹದಿನೇಳನ್ನು ಆರರಿಂದ ಭಾಗಿಸಿ
ಶೇಷ ನಾಲ್ಕು ಎಂದು ಬರೆದಿದ್ದಾನೆ.
ಟೀಚರ ಕೆಂಪು ಗೀಟು
ಸರಿಯಾಗಿ ಮಡಿಕೆಗೆ ಬಂತು.
ಬಟ್ಟೆ ಬಗ್ಗಿಸಿದೆ.
ಮೂಲೆ ನಿಂತಿತು.